ಎಲೆಬಳ್ಳಿಗೆ ಮೊಳಕೆಯ ನೀರು

ಮರ್ಯಾದೆ ಹೋಗುವ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಸವಣೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗಲಂತೂ ಅವು ನಮ್ಮ ಹಿತ್ತಲಲ್ಲೇ ಬೀಡುಬಿಟ್ಟಿದ್ದವು. ಆಗಿನ್ನೂ ನವಾಬರ ಆಡಳಿತ. ತಂಗಿಗೆ ಹತ್ತಿಮತ್ತೂರಿನ ಒಳ್ಳೆಯ ಮನೆತನದಿಂದ ಸಂಬಂಧ ಬಂದಿತ್ತು. ಹುಡುಗಿ ನೋಡಲು ಬರುವವರಿಗೆ ನಮ್ಮ ಹಿತ್ತಲ ಬಳ್ಳಿಯ ವೀಳ್ಯದೆಲೆಯನ್ನೇ ಕೊಡುತ್ತೇನೆಂದು ಓಣಿಯ ತುಂಬ ಜಂಬ ಕೊಚ್ಚಿದ್ದೆ. ಬಳ್ಳಿ ನೋಡಿದರೆ ಸೊರಗಿ ನಿಂತಿತ್ತು. ಕಾಳನ್ನು ಮೊಳಕೆ ಬರಿಸಿ, ಅರೆದು, ನೀರಿನಲ್ಲಿ ಕದಡಿ ಬುಡಕ್ಕೆ ಹಾಕಿದರೆ ಚಿಗುರುತ್ತದೆಂದು ಶಿಗ್ಗಾವಿ ಸಂತೆಯಲ್ಲಿ ಯಾರೋ ಹೇಳಿದರು. ನಂಬಿದೆ.

ಉಸುಳಿ

ಮಡಕಿ ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಗೂಟಕ್ಕೆ ನೇತುಹಾಕಿದೆ. ಮರುದಿನ ಸಾಲೆಯಿಂದ ಬಂದರೆ ತಾಟಿನಲ್ಲಿ ಬಿಸಿ ಉಸುಳಿ. ಮತ್ತೆ ಮತ್ತೆ ಹಾಕಿಸಿಕೊಂಡು, "ಅವ್ವಾ, ಇಂಥಾ ಉಸುಳಿ ನೀ ಎಂದೂ ಮಾಡಿದ್ದಿಲ್ಲ ನೋಡು" ಎಂದು ಹೊಗಳಿದೆ.

ಕೈ ತೊಳೆಯಲು ಎದ್ದಾಗ ಗೂಟ ಖಾಲಿ ಕಂಡಿತು.

"ಬಳ್ಳಿಗೆ ಇಟ್ಟ ಕಾಳು ಎಲ್ಲಿ?"

"ಬಳ್ಳಿಗೇನು? ಮೊದಲ ಹೇಳಬಾರ್ದಾ? ಇನ್ನ ನೀನ ಹೋಗಿ ಅದರ ಬುಡಕ್ಕ ಕುಂದ್ರು" ಅಂದಳು ಅವ್ವ.

ಅತ್ತರು

ಎರಡನೆಯ ಸಲ ಅವ್ವನಿಗೆ ಹೇಳಿಯೇ ಮೊಳಕೆ ಅರೆದು, ಗಡಿಗೆಯಲ್ಲಿ ಕದಡಿ, ಪಕ್ಕದ ಮನೆಯ ಗೋಡೆಯ ಬದಿಗೆ ಇಟ್ಟೆ. ಇಟ್ಟವನು ಮರೆತೆ. ಪಕ್ಕದಲ್ಲಿದ್ದವರು ಅತ್ತರು ಮಾರುವ ಸಾಹೇಬರು. ಒಂದು ದಿನ ಬಾಗಿಲಿಗೆ ಬಂದು ನಿಂತರು.

"ಮಾಫ್ ಮಾಡ್ರಿ ಮಾಸ್ತರ್ರ, ನಿಮ್ಮ ಮನ್ಯಾಗ ಇಲಿ ಏನಾರ ಸತ್ತೈತೇನ್ರಿ?"

"ಇಲ್ರಿ, ಅದು ಬಳ್ಳಿ ಔಷಧ" ಎಂದು ತಲೆ ತಗ್ಗಿಸಿದೆ.

"ಗಿರಾಕಿ ಗುಲಾಬಿ ಶೀಸೆ ಮೂಸಿ, ಇದ ಹಿಂಗ್ಯಾಕ ನಾರತೈತಿ ಅಂತ ಕೇಳಾಕತ್ತಾರ್ರಿ." ಅತ್ತರು ಹಚ್ಚಿದ ಹತ್ತಿಯನ್ನು ನನ್ನ ಕೈಗಿಟ್ಟರು. "ಇದನ್ನ ಮೂಗಿನ್ಯಾಗ ಇಟ್ಕೊಂಡು ಗಡಿಗಿ ಚೆಲ್ಲಿ ಬರ್ರಿ. ರೊಕ್ಕ ಬ್ಯಾಡ, ನನ್ನ ಧಂದೆ ಉಳದ್ರ ಸಾಕು."

ನಾಚಿಕೆಯಿಂದ ಗಡಿಗೆಯನ್ನು ತೊಳೆದು ನಮ್ಮ ಅಡಿಗೆಮನೆಯ ಮೂಲೆಗೆ ತಂದೆ. ಅಂದಿನಿಂದ ಅದರಲ್ಲಿ ಹೊಸದಾಗಿ ಕದಡಿದ ನೀರು ತುಸು ಹುಳಿ ಬಂದ ಕೂಡಲೇ ಬಳ್ಳಿಗೆ ಹಾಕತೊಡಗಿದೆ. ಬಳ್ಳಿ ಚಿಗುರಿತು.

ಅಂಬಲಿ

ಹುಡುಗನ ಅಪ್ಪ ಬಿಸಿಲಲ್ಲಿ ಬಂದರು. "ಚಹಾ ಬ್ಯಾಡ್ರಿ. ತಂಪಂದು ಅಂಬ್ಲಿ ಇದ್ರ ಕೊಡ್ರಿ" ಎಂದರು. ತಂಗಿ ಸೆರಗು ಹೊದ್ದು, ಗಾಬರಿಯಲ್ಲೇ ತಂಬಿಗೆ ತುಂಬಿ ತಂದುಕೊಟ್ಟಳು. ಕೊಟ್ಟದ್ದನ್ನು ಅರ್ಧಕ್ಕೆ ಬಿಟ್ಟರೆ ಹುಡುಗಿ ಮನಸ್ಸಿಗೆ ಬಂದಿಲ್ಲ ಎಂದು ಅವ್ವನ ಲೆಕ್ಕ. ಹಾಗಾಗಿ ಎಲ್ಲರ ಕಣ್ಣೂ ತಂಬಿಗೆಯ ಮೇಲೆ.

ಮೊದಲ ಗುಟುಕಿಗೆ ಹಿರಿಯರ ಹುಬ್ಬು ರುಮಾಲಿಗೆ ತಾಗಿತು. ಆಮೇಲೆ ಕಣ್ಣು ಮುಚ್ಚಿ ಪೂರ್ತಿ ಕುಡಿದರು. ಅವ್ವನ ಮುಖ ಅರಳಿತು. ನಾನು ಒಳಗೆ ಇಣುಕಿದೆ. ಅಂಬಲಿಯ ಗಡಿಗೆಗೆ ಮುಚ್ಚಳ ಮುಚ್ಚಿದಂತೇ ಇತ್ತು. ನನ್ನ ಗಡಿಗೆಯದು ತೆರೆದಿತ್ತು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಸುಮ್ಮನಿದ್ದರೆ ತಂಗಿಯ ಕೈಗೆ ಕೆಟ್ಟ ಹೆಸರು. "ಅದು ಅಂಬ್ಲಿ ಅಲ್ರಿ... ನಾ ಎಲಿಬಳ್ಳಿಗೆ ಹಾಕೂ ನೀರ್ರಿ" ಎಂದುಬಿಟ್ಟೆ. ಅವ್ವ ಹಣೆ ಬಡಿದುಕೊಂಡಳು. ತಂಗಿ ಒಳಗೆ ಓಡಿದಳು.

ಹಿರಿಯರು ಮೀಸೆ ಒರೆಸಿಕೊಂಡರು. "ಹಂಗೇನ್ರಿ? ಛಲೋ ಆತು ಬಿಡ್ರಿ. ಹುಡುಗಿ ಲಕ್ಷಣಾಗಿ ಅದಾಳ, ಅಂಬ್ಲಿ ಮಾಡೂದು ನಮ್ಮಾಕಿ ಕಲಿಸಿಕೊಡ್ತಾಳ ಅಂತ ಆಗಲೇ ಒಪ್ಪಿಬಿಟ್ಟಿದ್ದೆ."

ಆಮೇಲೆ ನಮ್ಮ ಬಳ್ಳಿಯ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಎಲಿ ಭಾಳ ಛಲೋ ಬಂದಾವ್ರಿ, ಮಾಸ್ತರ್ರ. ಆದ್ರ ಮದುವಿ ದಿವಸ ನೀವು ಅಡಗಿಮನಿ ಕಡೆ ಮಾತ್ರ ಬರಬ್ಯಾಡ್ರಿ."