ಕತ್ತರಿ ಸದ್ದಿಗೆ ಬಾಯಿ ತೆರೆಯುವ ಮೀನು

ಆ ಮೀನು ಸಾಕಿದ್ದೇ ತಪ್ಪಾಯಿತು. ಗಿರಾಕಿಗಳಿಗೆ ಬೇಸರವಾಗದಿರಲಿ ಅಂತ ಕಟಿಂಗ್ ಅಂಗಡಿಯವ ಗಾಜಿನ ತೊಟ್ಟಿಯಲ್ಲಿ ಪಾಚಿ ನೆಕ್ಕುವ ಮೀನೊಂದನ್ನು ಇಟ್ಟಿದ್ದ. ತಿಂಡಿ ಹಾಕುವ ಮುಂಚೆ ಕತ್ತರಿಯನ್ನು ಕಚಕಚ ಆಡಿಸುವುದು ಅವನ ಚಟ. ಸದ್ದು ಕೇಳಿದರೆ ಸಾಕು, ಮೀನು ಮೇಲೆದ್ದು ಬಾಯಿ ತೆರೆಯುತ್ತಿತ್ತು. ಅದು ಮೊಳದುದ್ದ ಬೆಳೆದಾಗ, ಕೊಲ್ಲಲು ಮನಸ್ಸು ಬಾರದೆ, ಹೊಳೆ ಕಡಲು ಸೇರುವ ಅಳಿವೆಗೆ ಕದ್ದು ಬಿಟ್ಟುಬಂದ. ಹೆಂಡತಿಗೂ ಹೇಳಲಿಲ್ಲ.

ಈಗ ಅಳಿವೆ ತುಂಬ ಅದೇ ಜಾತಿ. ಪೇಟೆಯ ಚರಂಡಿ, ಹೊಲದ ಗೊಬ್ಬರ ಎಲ್ಲ ಅಲ್ಲಿಗೇ ಹರಿದು ನೀರು ಹಸಿರು ಗಂಜಿಯಾಗಿತ್ತು. ಬೇರೆ ಮೀನು ಉಸಿರುಕಟ್ಟಿ ಸತ್ತರೆ, ಇವು ಮೇಲೆ ಬಂದು ಗಾಳಿ ನುಂಗಿ ಕೊಬ್ಬುತ್ತಿದ್ದವು. ಬೀಸಿದ ಬಲೆಗೆಲ್ಲ ಮುಳ್ಳುಮೈಯ ಇವೇ.

ಅವತ್ತು ಬೆಳಿಗ್ಗೆ ದೋಣಿ ಕಟ್ಟೆಯಲ್ಲಿ ಮೀನುಗಾರರ ಸಂಘದ ಸಭೆ. ಅಧ್ಯಕ್ಷರು ಅವನ ಮಾವ. ಅವನ ಅಂಗಡಿ ಇದ್ದದ್ದೂ ಮಾವನ ಕಟ್ಟಡದಲ್ಲೇ.

"ಇದನ್ನ ಬಿಟ್ಟ ಪುಣ್ಯಾತ್ಮ ಸಿಗ್ಲಿ! ಅವನ ಕಸುಬು ಬಂದ್, ಊರಿಂದಾಚೆ!" ಅಂತ ಮಾವ ಗುಡುಗಿದರು. ಆಮೇಲೆ ಸಭೆಗೆ ಬಂದಿದ್ದ ಅಳಿಯನನ್ನು ನೋಡಿ, "ಪೇಪರಿನವ್ರು ಫೋಟೋಗೆ ಬರ್ತಾರೆ. ಇಲ್ಲೇ ಒಂಚೂರು ಕೂದಲು ತೆಗೆದುಬಿಡಿ ಅಳಿಯಂದ್ರೇ" ಅಂದರು.

ನೀರಂಚಿಗೇ ಕಬ್ಬಿಣದ ಕುರ್ಚಿ ಬಂತು. ಅವನು ನೀರಿನ ಕಡೆ ಕಣ್ಣು ಹಾಯಿಸುತ್ತಲೇ ಕತ್ತರಿ ಎತ್ತಿದ. ಕಚಕಚ.

ಹಸಿರು ನೀರು ಸದ್ದಿಲ್ಲದೆ ಉಬ್ಬಿತು. ಒಂದು ಬಾಯಿ ತೆರೆಯಿತು, ಪಕ್ಕದಲ್ಲಿ ಹತ್ತು, ಹಿಂದೆ ನೂರು. ದುಂಡನೆಯ ಬಿಳಿ ಬಾಯಿಗಳು ಅವನನ್ನೇ ಕರೆಯುವಂತೆ ತೆರೆದು ಮುಚ್ಚುತ್ತಿದ್ದವು. ಕತ್ತರಿ ನಿಂತಿತು, ಬಾಯಿಗಳು ಮುಳುಗಿದವು.

"ಅಯ್ಯಯ್ಯೋ, ಏನೋ ಅದು!" ಅಂತ ಬಲೆ ಹೆಣೆಯುವ ಮುದುಕ ಬಗ್ಗಿ ನೋಡಿದ.

"ಗಾಳಿ ತಾತ, ಗಾಳಿ!" ಅಂದ ಅಳಿಯ.

"ಎಲೆ ಅಲ್ಲಾಡ್ತಿಲ್ಲ, ಯಾವ ಗಾಳಿಯೋ?"

ಕತ್ತರಿ ಬಿಟ್ಟು ರೇಜರಿನಲ್ಲಿ ಕೆರೆಯಲು ಹೋದ. ಮಾವ "ಅಮ್ಮಾ!" ಅಂತ ಕಿರುಚಿ, "ನೆಟ್ಟಗೆ ಕತ್ತರೀಲೇ ತೆಗೀರೀ" ಅಂತ ಗದರಿದರು. ಮತ್ತೆ ಕಚಕಚ. ಈ ಸಲ ಬಾಯಿಗಳು ಕಟ್ಟೆಯ ಕಲ್ಲಿಗೇ ಅಂಟಿಕೊಂಡು ಮೇಲೆ ತೆವಳತೊಡಗಿದವು. ಸಭೆಯೇ ಎದ್ದು ದೂರ ಓಡಿತು. ಮಾವ, ಅಳಿಯ ಇಬ್ಬರೇ ಉಳಿದರು.

ಅವನಿಗೆ ತಡೆಯಲಾಗಲಿಲ್ಲ. "ಮಾವಾ, ತಪ್ಪಾಯ್ತು. ಬಿಟ್ಟಿದ್ದು ನಾನೇ. ಆದ್ರೆ ನಿಮ್ಮ ಮಗಳಾಣೆಗೂ ಒಂದೇ ಒಂದು! ಒಂಟಿ ಮೀನಿಗೆ ಇಷ್ಟು ದೊಡ್ಡ ಸಂಸಾರ ಹೆಂಗಾಯ್ತೋ ನಂಗೇ ಗೊತ್ತಿಲ್ಲ" ಅಂತ ಗಳಗಳ ಅತ್ತುಬಿಟ್ಟ.

ಮಾವ ಅತ್ತಿತ್ತ ನೋಡಿ, ಬೆರಳಿನ ಉಂಗುರದಿಂದ ಕುರ್ಚಿಯ ಕೈಗೆ ಟಣ್ ಟಣ್ ಎಂದು ಮೆಲ್ಲಗೆ ಬಡಿದರು.

ಅಳಿವೆಯ ನಡುವಿನಿಂದ ಆಚೆ ದಡದವರೆಗೂ ನೀರೆಲ್ಲ ಬಾಯಾಯಿತು.

"ನಾನೂ ಹಿತ್ತಲ ತೊಟ್ಟೀಲಿ ಇವನ್ನೇ ಸಾಕಿದ್ದೆ. ನಿಮ್ಮತ್ತೆ ಬೈದಳು ಅಂತ ಬಕೆಟ್‌ಗಟ್ಟಲೆ ತಂದು ಸುರಿದೆ" ಅಂತ ಪಿಸುಗುಟ್ಟಿದರು. "ನೀವು ಹೆಂಗೂ ಒಪ್ಕೊಂಡಿದ್ದೀರಲ್ಲ. ಅಳಿಯ ಅಂದ್ರೆ ಮಗ ಇದ್ದ ಹಾಗೆ. ನಂದೂ ನಿಮ್ಮ ಲೆಕ್ಕಕ್ಕೇ ಇರ್ಲಿ."

ಅವನು ಬಾಯಿ ತೆರೆಯುವಷ್ಟರಲ್ಲಿ, ಅರ್ಧ ಕತ್ತರಿಸಿದ ತಲೆಯಲ್ಲೇ ಮಾವ ಕುರ್ಚಿಯ ಮೇಲೆ ಹತ್ತಿ ನಿಂತರು.

"ಬನ್ರೋ ಎಲ್ಲಾ, ಆಸಾಮಿ ಸಿಕ್ಕಿದ! ನನ್ನ ಅಳಿಯ ಅಂತ ಯಾರೂ ದಾಕ್ಷಿಣ್ಯ ಮಾಡ್ಬೇಡಿ!"