ಪ್ರೀತಿಗೊಂದು ಚೀಟಿ, ಕೋಪಕ್ಕೊಂದು ಚೀಟಿ

ಸೈಕಾಲಜಿಯಲ್ಲಿ ಪಿಎಚ್.ಡಿ. ಮಾಡ್ತಿದೀನಿ ಅಂದ್ರೆ ಸಾಕು, ಬಸವನಗುಡಿಯಲ್ಲಿ ಎಲ್ಲರೂ 'ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ' ಅಂತಾರೆ. ಅಯ್ಯೋ, ಈ ಕಂಟೆಂಟ್ ಅನಾಲಿಸಿಸ್ ಹಿಡಿದ ಮೇಲೆ ನನ್ನ ಮನಸ್ಸೇ ನನಗೆ ಗೊತ್ತಾಗ್ತಿಲ್ಲ. ದಿನಾ ಒಂದಲ್ಲ ಒಂದು ಅವಾಂತರ.

ಕೆಲಸ ಕೇಳೋಕೆ ಸುಲಭ. ಒಪ್ಪಿದ ಮನೆಗಳಿಂದ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನ ಮೆಸೇಜು ತಗೊಂಡು, ಹೆಸರು ಅಳಿಸಿ, ಒಂದೊಂದಕ್ಕೂ ಒಂದು ಚೀಟಿ ಅಂಟಿಸೋದು: ಪ್ರೀತಿ, ಕೋಪ, ಒಪ್ಪಿಗೆ, ಬರೀ ಸಮಾಚಾರ. ಇಬ್ಬರು ಬೇರೆ ಬೇರೆ ಕೂತು ಅಂಟಿಸಬೇಕು, ಇಬ್ಬರದೂ ಹೆಚ್ಚುಕಮ್ಮಿ ಹೊಂದಬೇಕು. ಹೊಂದಿದರೆ ಗೈಡ್ ಸಹಿ, ಇಲ್ಲದಿದ್ದರೆ ಈ ವರ್ಷವೂ ಗೋವಿಂದ. ನನ್ನ ಜೊತೆ ಇಷ್ಟೆಲ್ಲ ಓದೋಕೆ ಬಿಡುವಿದ್ದವರು ಒಬ್ಬರೇ, ನಮ್ಮತ್ತೆ. ರಿಟೈರ್ಡ್ ಹೈಸ್ಕೂಲ್ ಟೀಚರ್.

ಫ್ರಿಜ್ಜಿನ ಊಟ

'ಮನೆಗೆ ಬಾ, ಕಾಲು ಮುರೀತೀನಿ' ಅಂತ ಒಬ್ಬ ತಾಯಿ ಮಗನಿಗೆ ಬರೆದಿದ್ದರು. ನಾನು ಕೋಪ ಅಂದಿದ್ದೆ, ಅತ್ತೆ ಪ್ರೀತಿ ಅಂದಿದ್ದರು. 'ಊಟ ಫ್ರಿಜ್ಜಲ್ಲಿದೆ' ಅಂತ ಒಬ್ಬ ಹೆಂಡತಿ ಗಂಡನಿಗೆ. ನನ್ನದು ಸಮಾಚಾರ, ಅತ್ತೆಯದು ಕೋಪ. ಯಾಕೆ ಅಂತ ಕೇಳಿದೆ. ಪ್ರೀತಿ ಇದ್ದಿದ್ದರೆ ಬಿಸಿ ಮಾಡಿ ಬಡಿಸೋಳು, ಇಷ್ಟೂ ಗೊತ್ತಾಗಲ್ವಾ ಅಂದರು.

ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ನೆನಪಾಯ್ತು, ಮೊನ್ನೆ ನಮ್ಮ ಯಜಮಾನರಿಗೆ ನಾನೂ ಇದನ್ನೇ ಬರೆದಿದ್ದೆ. ಯಾಕೆ ಬರೆದಿದ್ದೆ ಅನ್ನೋದೂ ನೆನಪಾಯ್ತು.

ಹೆಸರಿಲ್ಲದ ಗೊಜ್ಜವಲಕ್ಕಿ

ಹೆಸರು ಅಳಿಸಿದರೆ ಯಾರ ಮನೆ ಅಂತ ಗೊತ್ತಾಗಲ್ಲ ಅಂತ ಪುಸ್ತಕದಲ್ಲಿದೆ. ಪುಸ್ತಕ ಬರೆದವರು ನಮ್ಮ ಬೀದೀಲಿ ಇದ್ದಿದ್ದರೆ ಹಾಗೆ ಬರೀತಿರಲಿಲ್ಲ. 'ನನ್ನ ಗೊಜ್ಜವಲಕ್ಕಿಗೆ ಸಕ್ಕರೆ ಹಾಕಿದ್ರೆ ಇವರಿಗೇನಂತೆ' ಅನ್ನೋ ಮೆಸೇಜಿಗೆ ಅತ್ತೆ ಚೀಟಿ ಅಂಟಿಸಲೇ ಇಲ್ಲ. ಗೊಜ್ಜವಲಕ್ಕಿಗೆ ಸಕ್ಕರೆ ಹಾಕೋ ಮನೆ ಇಲ್ಲಿ ಒಂದೇ ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು, ಆ ಮನೆಯ ಅತ್ತಿಗೆ ನಾದಿನಿಯರ ಜಗಳ ಬಿಡಿಸೋಕೆ.

ಗುಟ್ಟು ಕಾಪಾಡ್ತೀನಿ ಅಂತ ಮಾತು ಕೊಟ್ಟವಳು ನಾನು. ಆ ಮನೆಗೆ ಕ್ಷಮೆ ಕೇಳೋಕೆ ಹೋದೆ. ಮೆಸೇಜು ಬರೆದಾಕೆ ಒಂದು ತಟ್ಟೆ ಗೊಜ್ಜವಲಕ್ಕಿ ಕೊಟ್ಟು, ಹಳೇ ಮೆಸೇಜುಗಳೂ ಇವೆ, ಅವನ್ನೂ ತಗೊಂಡು ಹೋಗು, ತಪ್ಪು ಯಾರದು ಅಂತ ನಿಮ್ಮತ್ತೇನೇ ಹೇಳಲಿ ಅಂದರು.

ಗೈಡ್ ಮನೆ ಕಾಫಿ

ಕೊನೆಗೂ ನನ್ನ ಚೀಟಿಗೂ ಅತ್ತೆ ಚೀಟಿಗೂ ಹೊಂದಲೇ ಇಲ್ಲ. ಹಾಳೆಗಳನ್ನೆಲ್ಲ ಹೊತ್ತು ತ್ಯಾಗರಾಜನಗರದ ಗೈಡ್ ಮನೆಗೆ ಹೋದೆ. ಮೇಷ್ಟ್ರು ಕನ್ನಡಕ ಏರಿಸಿ, ನಿಮ್ಮತ್ತೆ ಊಹೆ ಮಾಡ್ತಾರೆ, ವಿಜ್ಞಾನದಲ್ಲಿ ಬರೆದದ್ದನ್ನ ಮಾತ್ರ ಓದಬೇಕು, ಅವರದ್ದೆಲ್ಲ ತೆಗೆದುಹಾಕಿ ಮೊದಲಿಂದ ಮಾಡು ಅಂದರು. ಉದಾಹರಣೆಗೆ ಅಂತ ಅವರೇ ಒಬ್ಬ ಹೆಂಡತಿ ಗಂಡನಿಗೆ ಬರೆದ ಮೆಸೇಜು ಎತ್ತಿಕೊಂಡರು: 'ಸರಿ. ನಿಮ್ಮಿಷ್ಟ.' ಇದು ಒಪ್ಪಿಗೆ, ಇದರಲ್ಲಿ ಅನುಮಾನವೇ ಇಲ್ಲ ಅಂದರು.

ಕಾಫಿ ತಂದ ಅವರ ಹೆಂಡತಿ ಅಲ್ಲೇ ನಿಂತರು. "ಅದು ಒಪ್ಪಿಗೆ ಅಂತ ನಿಮಗೆ ಯಾರು ಹೇಳಿದ್ದು?"

ಮೇಷ್ಟ್ರಿಗೆ ಗಲಿಬಿಲಿ. ಪರೀಕ್ಷೆ ಮಾಡೋಣ ಅಂತ ಚೀಟಿ ಇಲ್ಲದ ಹಾಳೆಗಳನ್ನ ಹೆಂಡತಿಗೆ ಕೊಟ್ಟರು. ಆಕೆ ನಿಂತಲ್ಲೇ ಓದಿ ಹೇಳ್ತಾ ಹೋದರು. ಕಾಲು ಮುರಿಯೋದು ಪ್ರೀತಿ, ಫ್ರಿಜ್ಜಿನ ಊಟ ಕೋಪ. ಅತ್ತೆಯನ್ನ ಒಂದು ದಿನವೂ ನೋಡಿದವರಲ್ಲ, ಆದರೂ ಸಾಲುಸಾಲು ಹೊಂದಿತು. ಹೊಂದದೇ ಇದ್ದದ್ದು ನನ್ನದು, ಮೇಷ್ಟ್ರದು.

ಮೇಷ್ಟ್ರು ಪೆನ್ನು ತೆಗೆದರು. ಮರ್ಯಾದೆಗೆ ಒಂದು ಮಾತು ಹೆಂಡತಿಯನ್ನ ಕೇಳಿದರು. "ಹಾಗಾದ್ರೆ ನಿನ್ನದೂ ಇವಳತ್ತೇದೂ ಚೀಟೀನೇ ಇಟ್ಕೊಂಡು ಸಹಿ ಹಾಕ್ಬಿಡ್ಲಾ?"

"ನಿಮ್ಮಿಷ್ಟ," ಅಂದರು ಆಕೆ.

ಪೆನ್ನು ಅರ್ಧದಲ್ಲೇ ನಿಂತಿತು. ಮೇಷ್ಟ್ರು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು. "ಇದು ಯಾವ ಚೀಟಿನಮ್ಮಾ?"

"ಕೋಪ, ಸರ್. ಇನ್ನೂ ಕೇಳ್ತಾ ಕೂತಿದ್ದಕ್ಕೆ."

ಸಹಿ ಬಿತ್ತು. ತಾರೀಖೂ ತಾವೇ ಬರೆದು, ಎದ್ದು ಹೋಗಿ ಕಾಫಿ ಲೋಟಾನೂ ತಾವೇ ತೊಳೆದಿಟ್ಟರು.