ಬಾರ್ಬೆಲ್ ತಂದವನ ಮೇಲೆ ಎಲ್ಲರಿಗೂ ಅನುಮಾನ

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಬಿಡದಿಯ ಕಾರ್ಖಾನೆಯೊಂದರಲ್ಲಿ, ಬಂದ ಮಾಲು ಸರಿಯಿದೆಯೋ ಇಲ್ಲವೋ ಎಂದು ಅಳೆದು ನೋಡುವ ಕೆಲಸ. ಆ ಚಟ ಮನೆಗೂ ಬರುವುದರಿಂದ ನಾನು ಏನು ಕೊಳ್ಳಲು ಹೋದರೂ ಒಂದಲ್ಲ ಒಂದು ರಗಳೆ ಆಗುತ್ತಲೇ ಇರುತ್ತದೆ. ಹೊಟ್ಟೆ ಕರಗಿಸೋಣವೆಂದು ರಾಮನಗರದ ನಮ್ಮ ಬಾಡಿಗೆ ಮನೆಯಲ್ಲೇ ಪುಟ್ಟ ಜಿಮ್ ಮಾಡಲು ಹೊರಟಾಗಲೂ ಆಯಿತು.

ಹತ್ತು ಕೇಜಿ ಪ್ಲೇಟು

ಜಿಮ್ ಸಾಮಾನಿನ ಅಂಗಡಿಯವರು ಕಬ್ಬಿಣದ ದುಂಡನೆಯ ಪ್ಲೇಟೊಂದನ್ನು ಮುಂದಿಟ್ಟರು. ಅದರ ಮೇಲೆ ಹತ್ತು ಕೇಜಿ ಎಂದು ದಪ್ಪಗೆ ಅಚ್ಚಾಗಿತ್ತು.

"ತೂಕ ಹಾಕಿ ತೋರಿಸಿ," ಎಂದೆ.

"ಬರೆದೈತಲ್ಲ ಸಾರ್!"

"ಬರೆಯೋಕೇನು, ಯಾರು ಬೇಕಾದ್ರೂ ಬರೀಬೋದು."

ಅವರಿಗೆ ಸಿಟ್ಟು ಬಂತು. ಪ್ಲೇಟು ಹೊತ್ತುಕೊಂಡು ಎದುರಿನ ತರಕಾರಿ ಅಂಗಡಿಗೆ ನಡೆದೇಬಿಟ್ಟರು. ನಾನೂ ಹಿಂದೆಯೇ ಹೋದೆ. ತಕ್ಕಡಿಯ ಮೇಲಿಟ್ಟರೆ ಹನ್ನೊಂದು ಕೇಜಿ ತೋರಿಸಿತು.

"ನೋಡಿ ಸಾರ್, ಒಂದು ಕೇಜಿ ಜಾಸ್ತೀನೇ ಐತೆ!"

ನಾನು ದುಡ್ಡಿಗೆ ಜೇಬಿಗೆ ಕೈ ಹಾಕಿದೆ. ಆದರೆ ಮುಖ ಬಾಡಿದ್ದು ತರಕಾರಿಯವನದು. ಈರುಳ್ಳಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಪ್ಲೇಟನ್ನೂ ತಕ್ಕಡಿಯನ್ನೂ ಒಂದೇ ಸಮನೆ ನೋಡುತ್ತಿದ್ದರು.

"ಹತ್ತು ಇಟ್ರೆ ಹನ್ನೊಂದು ತೋರಿಸ್ತದಾ?"

"ಕಬ್ಬಿಣ ಕಣಜ್ಜಿ. ಕಬ್ಬಿಣ ಒಸಿ ಜಾಸ್ತೀನೇ ತೂಗ್ತದೆ," ಎಂದ ಅವನು.

ಅಜ್ಜಿ ಪ್ಲೇಟಿನ ಮೇಲೆ ಕೈಯಿಟ್ಟು ನನಗೆ ಹೇಳಿದರು: "ನೀನು ಬೇರೆ ತಕೊಳಪ್ಪ. ಇದನ್ನ ಇಲ್ಲೇ ಬುಟ್ಟೋಗು. ಇನ್ಮೇಲೆ ಇವನು ನಮಗೆಲ್ಲಾ ಇದನ್ನೇ ತೂಕದ ಕಲ್ಲು ಮಾಡ್ಕೊಂಡು ತೂಗ್ಲಿ."

ಮನೆಯಲ್ಲೇ ಬಾರ್

ಆ ಪ್ಲೇಟುಗಳನ್ನು ಎರಡು ತುದಿಗೂ ಸಿಕ್ಕಿಸುವ ಕಬ್ಬಿಣದ ಸರಳಿಗೆ ಬಾರ್ ಎನ್ನುತ್ತಾರೆ. ಐದಡಿಯದು ಸಾಕೋ ಏಳಡಿಯದು ಬೇಕೋ ಎಂದು ಅಂಗಡಿಯವರಿಗೆ ಫೋನ್ ಮಾಡಿದ್ದೆ. ಉಯ್ಯಂಬಳ್ಳಿಯಿಂದ ಬಂದಿದ್ದ ನಮ್ಮತ್ತೆ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದರು.

"ಮನೇಲೇ ಬಾರ್ ಇದ್ರೆ ಆರಾಮ," ಎಂದೆ ಫೋನಿನಲ್ಲಿ. "ಡ್ಯೂಟಿ ಮುಗಿಸ್ಕೊಂಡು ಬಂದು ದಿನಾ ಒಸಿ ಒಸಿ ಶುರು ಮಾಡ್ತೀನಿ. ಅಭ್ಯಾಸ ಆದ್ಮೇಲೆ ಜಾಸ್ತಿ ಮಾಡ್ಕೊಂಡ್ರಾಯ್ತು."

ಸೊಪ್ಪು ಬಿಡಿಸುವ ಕೈ ನಿಂತಿತು. ಅವತ್ತು ಊಟ ಬಡಿಸುವಾಗ ಅತ್ತೆ ಯಾಕೋ ತೀರಾ ಹತ್ತಿರ ಬಗ್ಗಿ, ನನ್ನ ಬಾಯಿಯ ಕಡೆ ಮೂಗು ತಂದು ಉಸಿರೆಳೆದರು. ಮಾರನೆಯ ದಿನ ಗೂಡ್ಸ್ ಆಟೋ ಬಂದಾಗಲೂ ಅವರೇ ಮೊದಲು ಓಡಿಹೋಗಿ ಹಿಂದೆ ಇಣುಕಿದರು. ಬಾಟ್ಲಿ ಇರಲಿಲ್ಲ. ಸರಳು ಇತ್ತು.

ಅವರ ಅನುಮಾನ ಹೋಗಲೆಂದು ನಾನು ಅದನ್ನು ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ.

"ಎತ್ತಿ ಎಲ್ಲಿಗಪ್ಪ ಹಾಕ್ಬೇಕು?"

"ಎಲ್ಲಿಗೂ ಇಲ್ಲ ಅತ್ತೆ. ಎತ್ತಿ ಇಲ್ಲೇ ಇಡೋದು. ದಿನಾ."

ಅತ್ತೆ ಬಾಗಿಲಲ್ಲಿ ನಿಂತಿದ್ದ ಮಗಳ, ಅಂದರೆ ನನ್ನ ಹೆಂಡತಿಯ, ಕಡೆ ತಿರುಗಿದರು. "ಕುಡಿಯೋನಾಗಿದ್ರೆ ಬುಡಿಸ್ಬೋದಿತ್ತು ಕಣವ್ವ. ಇದಕ್ಕೆ ಎಲ್ಲಿ ತೋರಿಸೋದು?"

ಓನರ್ ಬಂದರು

ನಾವಿರುವುದು ಕೆಳಗೆ, ಮನೆ ಓನರ್ ಇರುವುದು ಮೇಲೆ. ಬೆಳಿಗ್ಗೆ ನಾನು ಬಾರ್ ಇಳಿಸಿದಾಗಲೆಲ್ಲ ದಬ್ ದಬ್ ಎಂದು ಅವರಿಗೆ ಕೇಳಿಸುತ್ತಿತ್ತು. ಒಂದು ದಿನ ನಲ್ಲಿ ನೋಡುವ ನೆಪದಲ್ಲಿ ಒಳಗೆ ಬಂದರು. ಜಿಮ್ ಮಾಡಿಕೊಂಡಿದ್ದ ರೂಮಿನ ಮುಚ್ಚಿದ ಬಾಗಿಲು ನೋಡಿದರು. ನಾನು ಶರಬತ್ತಿಗೆಂದು ತಂದಿಟ್ಟಿದ್ದ ನಿಂಬೆಹಣ್ಣುಗಳನ್ನು ನೋಡಿದರು. ದನಿ ತಗ್ಗಿಸಿದರು.

"ಏನಾದ್ರೂ ಕಾಣಿಸ್ತಾ?"

ಜಿಮ್ ವಿಷಯ ಇವರಿಗೂ ಗೊತ್ತಾಗಿದೆ ಎಂದುಕೊಂಡೆ. "ಇನ್ನೂ ಇಲ್ಲಣ್ಣ. ಇಷ್ಟು ಬೇಗ ಎಲ್ಲಿ ಕಾಣಿಸ್ತದೆ?"

"ಒಬ್ಬನೇ ಮಾಡ್ತಿದೀಯಾ?"

"ಹೂಂ. ಹಿಂದೆ ಒಬ್ಬರು ನಿಂತಿದ್ರೆ ಒಳ್ಳೇದು. ಹೆಚ್ಚುಕಮ್ಮಿ ಆದ್ರೆ ಪ್ರಾಣಕ್ಕೇ ಅಪಾಯ ಅಂತಾರೆ."

ಓನರ್ ನಿಂಬೆಹಣ್ಣುಗಳಿಗೆ ಕೈಮುಗಿದರು. "ನಾನೇ ನಿಂತ್ಕೋತೀನಿ ಕಣಯ್ಯ. ಆದ್ರೆ ಜಾಗ ನಂದು. ಸಿಕ್ಕಿದ್ರಲ್ಲಿ ಅರ್ಧ ನಂಗೆ ಬರಬೇಕು."

"ಏನು ಸಿಕ್ಕಿದ್ರಲ್ಲಿ?"

"ನಾಟಕ ಆಡಬ್ಯಾಡ. ನಿಧಿ!"

ರೂಮಿಗೆ ನುಗ್ಗಿ ನೆಲಕ್ಕೆ ಹಾಸಿದ್ದ ರಬ್ಬರ್ ಮ್ಯಾಟ್ ಎತ್ತಿಯೇ ಬಿಟ್ಟರು. ಅವರದೇ ಟೈಲ್ಸು ಒಂದು ಬಿರುಕೂ ಇಲ್ಲದೆ ಹೊಳೆಯುತ್ತಿತ್ತು. ಅಗೆಯುತ್ತಿಲ್ಲ, ಮೈ ಬೆಳೆಸುತ್ತಿದ್ದೇನೆ ಎಂದು ಬಾರ್ ತೋರಿಸಿ ಹೇಳಿದೆ. ನಂಬಲಿಲ್ಲ.

"ಹಂಗಾದ್ರೆ ಇಷ್ಟು ದಿನ ಕುಟ್ಟಿದ್ದಕ್ಕೆ ಏನು ಬಂದೈತೆ, ತೋರ್ಸು."

ತೋಳು ಮಡಚಿ, ಉಸಿರು ಬಿಗಿಹಿಡಿದು ಮುಂದೆ ಚಾಚಿದೆ. ಎರಡು ಬೆರಳಲ್ಲಿ ಅಮುಕಿ ನೋಡಿದರು. ಇನ್ನೊಮ್ಮೆ ಅಮುಕಿದರು. ಅವರ ಮುಖ ಮೆತ್ತಗಾಯಿತು.

"ನನ್ನ ಅರ್ಧನೂ ನೀನೇ ಮಡಿಕೊ ಕಣಯ್ಯ. ಭಾಗ ಮಾಡಿದ್ರೆ ನಿಂಗೇನೂ ಉಳಿಯಕಿಲ್ಲ."